ಹನ್ನೊಂದು ನರ್ಸುಗಳ ಪ್ರಬಂಧ ಶುಲ್ಕ

ತೆರಿಗೆ ಇಲಾಖೆಯಿಂದ ಬಂದದ್ದು ಒಂದು ಮಾಮೂಲಿ ಇಮೇಲ್. ನಿಮ್ಮ ಸಂಸ್ಥೆ ಒಂದು ಕೋರ್ಸಿನ ಶುಲ್ಕವನ್ನು ಸೊನ್ನೆ ದರದ ಕಾಲಂನಲ್ಲಿ ತೋರಿಸುತ್ತ ಬಂದಿದೆ, ಅದಕ್ಕೆ ಆಧಾರವಾದ ಪರವಾನಗಿಯ ಪ್ರತಿಯನ್ನು ಹದಿನೈದು ದಿನದೊಳಗೆ ಕಳಿಸಿ ಎಂದಿತ್ತು. ಬೆದರಿಕೆಯ ಒಂದು ಮಾತೂ ಅದರಲ್ಲಿರಲಿಲ್ಲ. ಅರ್ಧ ಗಂಟೆಯ ಕೆಲಸ ಎಂದುಕೊಂಡು ಫೈಲು ಹುಡುಕಲು ಎದ್ದೆ.

ಬಹರೈನ್‌ನ ರಿಫಾದ ಒಂದು ತರಬೇತಿ ಸಂಸ್ಥೆಯಲ್ಲಿ ನಾನು ಲೆಕ್ಕ ವಿಭಾಗ ನೋಡಿಕೊಳ್ಳುತ್ತಿದ್ದೆ. ಇಂಗ್ಲಿಷ್, ಕಂಪ್ಯೂಟರ್, ಪ್ರಥಮ ಚಿಕಿತ್ಸೆಯ ತರಗತಿಗಳು ನಡೆಯುತ್ತಿದ್ದವು. ಅವುಗಳ ಬಿಲ್ಲಿಗೆ ಮೊದಲಿನಿಂದಲೂ ವ್ಯಾಟ್ ಸೇರಿಸುತ್ತಿದ್ದೆವು. ಸೊನ್ನೆ ಇದ್ದದ್ದು ಒಂದಕ್ಕೇ. ಅದು ನರ್ಸಿಂಗ್ ಆಡಳಿತದ ಎಂಎಸ್ಸಿ. ಪದವಿ ಕೊಡುವುದು ಹೊರದೇಶದ ಒಂದು ವಿಶ್ವವಿದ್ಯಾಲಯ, ಪಾಠ ಮಾಡುವುದು ನಾವು. ಶುಕ್ರವಾರ, ಶನಿವಾರ ತರಗತಿ. ನಾಲ್ಕು ಸೆಮಿಸ್ಟರ್, ಒಂದೊಂದಕ್ಕೆ ಎಂಟುನೂರು ದಿನಾರ್. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬರುವ ನರ್ಸುಗಳಿಗೆ ಅಷ್ಟು ಕಡಿಮೆ ಹಣದಲ್ಲಿ, ಅಂಥ ಸಮಯಕ್ಕೆ ಸಿಗುವ ಬೇರೆ ಸ್ನಾತಕೋತ್ತರ ಪದವಿ ನನಗೆ ಗೊತ್ತಿದ್ದಂತೆ ಇರಲಿಲ್ಲ.

ನಾನು ಕೆಲಸಕ್ಕೆ ಸೇರುವ ಮೊದಲೇ ಯಾರೋ ‘ಇದು ವಿದ್ಯಾಭ್ಯಾಸ, ವಿದ್ಯಾಭ್ಯಾಸಕ್ಕೆ ವ್ಯಾಟ್ ಸೊನ್ನೆ’ ಎಂದು ತೀರ್ಮಾನಿಸಿದ್ದರು. ನಾನೂ ಅದೇ ಜಾಡಿನಲ್ಲಿ ಆರು ರಿಟರ್ನ್ ಸಲ್ಲಿಸಿದ್ದೆ. ಒಂದು ಸಲವೂ ಪರವಾನಗಿಯನ್ನು ತೆಗೆದು ನೋಡಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಮುಂದೆ ನಾನು ಬೇರೆಯವರ ಮೇಲೆ ಹೇಳುವುದು ಬಹಳ ಇದೆ.

ಪರವಾನಗಿ ಅರಬ್ಬಿಯಲ್ಲಿತ್ತು. ಸರ್ಕಾರಿ ಕಚೇರಿಗಳಿಗೆ ಓಡಾಡಲು ನಮ್ಮಲ್ಲಿ ಒಬ್ಬ ಮಂದೂಬ್ ಇದ್ದರು, ಹಿಂದಿ ಚೆನ್ನಾಗಿ ಬಲ್ಲ ಹಿರಿಯ ಬಹರೈನಿ. ಅವರಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಕಾಗದವನ್ನು ಕಣ್ಣ ಹತ್ತಿರ ತಂದು ಓದಿದರು. ಒಂದು ಪದದ ಮೇಲೆ ಬೆರಳಿಟ್ಟು, “ಇಲ್ಲಿ ತದ್ರೀಬ್ ಅಂತ ಇದೆ. ತಅಲೀಮ್ ಅಂತ ಇಲ್ಲ” ಎಂದರು.

ತದ್ರೀಬ್ ಎಂದರೆ ತರಬೇತಿ, ತಅಲೀಮ್ ಎಂದರೆ ಶಿಕ್ಷಣ.

ಬಹರೈನ್‌ನಲ್ಲಿ ಟ್ಯಾಕ್ಸ್ ಇಲ್ಲ ಎಂದು ದಾವಣಗೆರೆಯಲ್ಲಿ ನನ್ನ ಬಂಧುಗಳೆಲ್ಲ ಈಗಲೂ ನಂಬಿದ್ದಾರೆ. ಸಂಬಳದ ಮೇಲೆ ಇಲ್ಲ, ನಿಜ. ಖರ್ಚಿನ ಮೇಲೆ ಇದೆ. ಮೊದಲು ಶೇಕಡಾ ಐದು ಇತ್ತು, ಆಮೇಲೆ ಹತ್ತಾಯಿತು. ಶಿಕ್ಷಣಕ್ಕೆ ಸೊನ್ನೆ ದರ, ಆದರೆ ಶಿಕ್ಷಣ ಸಂಸ್ಥೆ ಎಂದು ಪರವಾನಗಿ ಪಡೆದವರು ಕಲಿಸಿದರೆ ಮಾತ್ರ. ಹಾಗಾಗಿ ದೊಡ್ಡ ಕ್ಯಾಂಪಸ್ಸಿನ ವಿಶ್ವವಿದ್ಯಾಲಯಕ್ಕೆ ಮೂರು ಪಟ್ಟು ಶುಲ್ಕ ಕಟ್ಟಿ ಹಗಲು ಹೊತ್ತು ಓದಬಲ್ಲವರಿಗೆ ತೆರಿಗೆ ಇಲ್ಲ. ಅದು ಕೈಗೆ ಎಟುಕದೆ ನಮ್ಮ ಎರಡನೆಯ ಮಹಡಿಗೆ ಹತ್ತಿ ಬಂದ ನರ್ಸಿನ ಎಂಎಸ್ಸಿಗೆ, ಕೆಳಗಿನ ಅಂಗಡಿಯಲ್ಲಿ ಮಾರುವ ಸೋಫಾಕ್ಕೆ ಬೀಳುವಷ್ಟೇ ತೆರಿಗೆ.

ನಿರ್ದೇಶಕರಿಗೆ ಹೇಳಿದೆ. ಅವರು ಬೆಂಗಳೂರಿನವರು, ಕೂಗಾಡುವವರಲ್ಲ. ಸಂಸ್ಥೆಯಲ್ಲಿ ಸಣ್ಣ ಪಾಲೂ ಇತ್ತು. ಪರವಾನಗಿಯನ್ನು ಬಹಳ ಹೊತ್ತು ನೋಡುತ್ತ ಕುಳಿತರು, ಅರಬ್ಬಿ ಅವರಿಗೂ ಬರುತ್ತಿರಲಿಲ್ಲ.

“ಯೂನಿವರ್ಸಿಟಿ ಅಫಿಲಿಯೇಷನ್ ಲೆಟರ್ ಇದೆಯಲ್ಲ, ಅದನ್ನ ಹಾಕಿ ಟ್ರೈ ಮಾಡೋಣ” ಎಂದರು.

ಮಾಡಿದೆವು. ವಿಶ್ವವಿದ್ಯಾಲಯದ ಪತ್ರ, ಪಠ್ಯಕ್ರಮ, ಪದವಿ ಪತ್ರದ ಮಾದರಿ, ಎಲ್ಲವನ್ನೂ ಅರಬ್ಬಿಗೆ ಅನುವಾದ ಮಾಡಿಸಿ, ಮುದ್ರೆ ಹಾಕಿಸಿ ಕಳಿಸಿದೆ. ಮಂದೂಬ್ ಶಿಕ್ಷಣ ಸಚಿವಾಲಯಕ್ಕೆ ಮೂರು ಸಲ ಹೋಗಿ ಬಂದರು. ಉನ್ನತ ಶಿಕ್ಷಣದ ಪರವಾನಗಿ ಬೇಕಾದರೆ ಸ್ವಂತ ಕಟ್ಟಡ, ಗ್ರಂಥಾಲಯ, ಪೂರ್ಣಾವಧಿ ಪ್ರಾಧ್ಯಾಪಕರ ಪಟ್ಟಿ ಬೇಕು ಎಂದು ಮೂರನೆಯ ಸಲ ಒಂದು ಚೀಟಿಯಲ್ಲಿ ಬರೆಸಿಕೊಂಡು ಬಂದರು. ತೆರಿಗೆ ಇಲಾಖೆಯ ಉತ್ತರ ಎರಡು ಸಾಲಿನದು: ಪದವಿ ಕೊಡುವುದು ವಿಶ್ವವಿದ್ಯಾಲಯ, ನೀವು ಕೊಡುವುದು ತರಬೇತಿ ಸೇವೆ, ಸಾಮಾನ್ಯ ದರ ಅನ್ವಯಿಸುತ್ತದೆ. ಹಿಂದಿನ ರಿಟರ್ನ್‌ಗಳನ್ನು ನೀವಾಗಿಯೇ ತಿದ್ದಿ ಸಲ್ಲಿಸಿದರೆ ದಂಡ ಕಡಿಮೆಯಾಗುತ್ತದೆ ಎಂದು ನಿಯಮದಲ್ಲಿತ್ತು. ತಿದ್ದುತ್ತೇವೆ ಎಂದು ಬರೆದು ಕಾಲಾವಕಾಶ ಕೇಳಿದೆ, ಕೊಟ್ಟರು.

ಅಷ್ಟರಲ್ಲಿ ಮೂರನೆಯ ಸೆಮಿಸ್ಟರಿನ ಶುಲ್ಕ ತೆಗೆದುಕೊಳ್ಳುವ ಸಮಯ ಬಂತು. ಎಂಟುನೂರಕ್ಕೆ ಎಂಬತ್ತು ಸೇರಿಸಿ ಸರಿಯಾದ ಟ್ಯಾಕ್ಸ್ ಇನ್‌ವಾಯ್ಸ್ ಕೊಟ್ಟೆ. ಆ ತಂಡದಲ್ಲಿ ಹನ್ನೊಂದು ಜನ. ಕೇರಳದವರು, ಫಿಲಿಪೀನ್ಸಿನವರು, ಒಬ್ಬ ಬಹರೈನಿ ಹುಡುಗಿ, ನಮ್ಮ ಕರಾವಳಿಯವರು ಇಬ್ಬರು. ಆ ಇಬ್ಬರಲ್ಲಿ ಒಬ್ಬರು ಬಂಟ್ವಾಳದ ಕಡೆಯ ಬ್ಯಾರಿ ಹೆಂಗಸು, ಸಲ್ಮಾನಿಯಾ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷದಿಂದ ನರ್ಸ್. ಅವರ ಗಂಡ ರಿಫಾದ ಒಂದು ಕೋಲ್ಡ್ ಸ್ಟೋರ್‌ನಲ್ಲಿ, ಅಂದರೆ ಇಲ್ಲಿನ ಮೂಲೆಮೂಲೆಗೂ ಇರುವ ದಿನಸಿ ಅಂಗಡಿಯಲ್ಲಿ, ಗಲ್ಲಾದ ಮೇಲೆ ಕೂರುತ್ತಿದ್ದರು. ಕನ್ನಡ ಮಾತಾಡಲು ಸಿಕ್ಕಿದೆ ಎಂಬ ಕಾರಣಕ್ಕೇ ಆಕೆ ಶುಲ್ಕ ಕಟ್ಟುವ ಕಿಟಕಿಯ ಬಳಿ ಐದು ನಿಮಿಷ ಹೆಚ್ಚು ನಿಲ್ಲುತ್ತಿದ್ದರು.

“ಇದು ಎಂತ ಮೇಡಂ, ಹೊಸತು?” ಎಂದು ಎಂಬತ್ತರ ಮೇಲೆ ಬೆರಳಿಟ್ಟು ಕೇಳಿದರು.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೊದಲೇ ಹಾಕಬೇಕಿತ್ತು, ನಮ್ಮಿಂದ ತಪ್ಪಾಗಿದೆ, ಇನ್ನು ಮುಂದೆ ಹಾಕಲೇಬೇಕು ಎಂದೆ. ಆಕೆ ಇನ್‌ವಾಯ್ಸ್ ಮೇಲಿನ ತೆರಿಗೆ ನೋಂದಣಿ ಸಂಖ್ಯೆಯನ್ನು ಓದಿಕೊಂಡರು.

“ಸರ್ಕಾರದ್ದಾದ್ರೆ ಕೊಡ್ಲೇಬೇಕಲ್ಲ. ನಮ್ಮವರ ಅಂಗಡಿ ಬಿಲ್ಲಲ್ಲಿ ಸಹ ಹೀಗೇ ಇರ್ತದೆ” ಎಂದು ಕಟ್ಟಿದರು.

ಆ ಸೆಮಿಸ್ಟರಿನಲ್ಲೇ ಆಕೆ ಪ್ರಬಂಧಕ್ಕೆ ಮಾಹಿತಿ ಕೂಡಿಹಾಕುತ್ತಿದ್ದರು. ಮಲಗಿದಲ್ಲೇ ಇರುವ ರೋಗಿಗಳನ್ನು ಎಷ್ಟು ಗಂಟೆಗೊಮ್ಮೆ ಮಗ್ಗುಲಿಗೆ ಹೊರಳಿಸಿದರೆ ಬೆನ್ನಿಗೆ ಹುಣ್ಣಾಗುವುದು ತಪ್ಪುತ್ತದೆ ಎಂಬುದು ವಿಷಯ. ಒಂದು ದಿನ ಪುಸ್ತಕ ತೋರಿಸಿದ್ದರು. ಒಂದೊಂದು ಪುಟಕ್ಕೆ ಒಬ್ಬ ರೋಗಿ, ಎರಡೆರಡು ಗಂಟೆಗೆ ಒಂದು ಗೆರೆ. ಪದವಿ ಕೈಗೆ ಬಂದರೆ ವಾರ್ಡಿನ ಮೇಲ್ವಿಚಾರಕಿಯ ಹುದ್ದೆಗೆ ಅರ್ಜಿ ಹಾಕಬಹುದಿತ್ತು. ವಯಸ್ಸಿನ ಮಿತಿಗೆ ಇನ್ನು ಒಂದು ವರ್ಷ ಉಳಿದಿತ್ತು.

ಬಾಕಿ ತೆರಿಗೆಯ ಲೆಕ್ಕ ಮುಗಿಸಿದ್ದು ಏಪ್ರಿಲ್‌ನಲ್ಲಿ. ಹಿಂದಿನ ತಂಡದ ಹತ್ತೊಂಬತ್ತು ಜನ ಪದವಿ ಪಡೆದು ಹೋಗಿದ್ದರು. ಅವರ ನಾಲ್ಕೂ ಸೆಮಿಸ್ಟರಿನ ತೆರಿಗೆ, ಈಗಿನ ಹನ್ನೊಂದು ಜನರ ಮೊದಲ ಎರಡು ಸೆಮಿಸ್ಟರಿನ ತೆರಿಗೆ, ಮೇಲೆ ದಂಡ. ಒಪ್ಪಂದ ಪತ್ರದಲ್ಲಿ ಶುಲ್ಕ ಎಂಟುನೂರು ಎಂದಷ್ಟೇ ಇತ್ತು, ತೆರಿಗೆಯ ಮಾತೇ ಇರಲಿಲ್ಲ. ಹಾಗಿದ್ದಾಗ ತೆರಿಗೆ ಆ ಎಂಟುನೂರರೊಳಗೇ ಸೇರಿದೆ ಎಂದು ಅರ್ಥ. ಕೊಡಬೇಕಾದವರು ಮಾರಿದವರು, ಕೊಂಡವರಲ್ಲ. ಇದನ್ನೆಲ್ಲ ಒಂದು ಪುಟದ ಟಿಪ್ಪಣಿಯಾಗಿ ಬರೆದು ನಿರ್ದೇಶಕರಿಗೆ ಕೊಟ್ಟೆ. ಕೊನೆಯ ಸಾಲು: ಈ ಮೊತ್ತವನ್ನು ಸಂಸ್ಥೆಯೇ ಭರಿಸಬೇಕಾಗುತ್ತದೆ.

ಮೂರು ದಿನ ಬಿಟ್ಟು ಕರೆದರು. ಟಿಪ್ಪಣಿ ಮೇಜಿನ ಮೇಲಿತ್ತು, ಕೊನೆಯ ಸಾಲಿನ ಕೆಳಗೆ ಗೆರೆ ಎಳೆದಿದ್ದರು.

“ಪಾರ್ಟ್ನರ್ಸ್ ಒಪ್ತಾ ಇಲ್ಲ. ಈ ಕೋರ್ಸಿಂದ ಇಷ್ಟು ವರ್ಷ ಬಂದಿರೋ ಪ್ರಾಫಿಟ್ಟೇ ಅಷ್ಟಿಲ್ಲ ಅಂತಾರೆ. ಅದು ಸುಳ್ಳೂ ಅಲ್ಲ, ನಿಮಗೇ ಗೊತ್ತು.”

“ಹಳೇ ಬ್ಯಾಚಿನವ್ರಿಂದ ಈಗ ಕೇಳಾಕೆ ಬರೋದಿಲ್ಲ ಸರ್. ಈಗಿರೋರಿಂದ್ಲೂ ಬರೋದಿಲ್ಲ.”

“ಟ್ಯಾಕ್ಸ್ ಅಂತ ಕೇಳೋಕಾಗಲ್ಲ. ಫೀಸ್ ಅಂತ ಕೇಳಬಹುದಲ್ಲ. ಲಾಸ್ಟ್ ಸೆಮಿಸ್ಟರಿಗೆ ಡಿಸರ್ಟೇಶನ್ ರಿಜಿಸ್ಟ್ರೇಶನ್ ಅಂತ ಒಂದು ಫೀಸ್ ಇಡಿ. ಹನ್ನೊಂದು ಜನಕ್ಕೆ ಡಿವೈಡ್ ಮಾಡಿ ನೋಡಿ, ಎಷ್ಟು ಬರುತ್ತೆ.”

ಹೋದವರ ತೆರಿಗೆಯೂ ಸೇರಿಯೇ ಎಂದು ಕೇಳಿದೆ. ಅವರು ಕಿಟಕಿಯ ಕಡೆ ನೋಡುತ್ತ ಹೌದು ಎಂದರು.

ಆ ವರ್ಷ ನನ್ನ ಗಂಡನ ಕೆಲಸ ಹೋಗಿತ್ತು. ಮನೆಯವರೆಲ್ಲರ ವೀಸಾ ನನ್ನ ಕೆಲಸದ ಮೇಲೆ ನಿಂತಿತ್ತು, ಜುಲೈನಲ್ಲಿ ನವೀಕರಣವಾಗಬೇಕಿತ್ತು. ನಿರ್ದೇಶಕರು ಅದನ್ನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನ ಮೇಜಿಗೆ ಮರಳಿ ಭಾಗಿಸಿದೆ. ಎಂಟುನೂರಕ್ಕೆ ಸ್ವಲ್ಪ ಕಡಿಮೆ ಬಂತು. ರೌಂಡ್ ಮಾಡಿ ಎಂದರು, ಮಾಡಿದೆ. ಒಂದು ಪೂರ್ತಿ ಸೆಮಿಸ್ಟರಿನಷ್ಟೇ ಇನ್ನೊಂದು ಶುಲ್ಕ. ಪತ್ರದ ಒಕ್ಕಣೆಯನ್ನೂ ಅವರು ಹೇಳಿದಂತೆ ನಾನೇ ಬರೆದೆ. ತೆರಿಗೆ ನಿಯಮಗಳ ಪ್ರಕಾರ ಆಗಬೇಕಾದ ಹೊಂದಾಣಿಕೆಯ ಕಾರಣ ಪ್ರಬಂಧ ನೋಂದಣಿಗೆ ಎಂಟುನೂರು ದಿನಾರ್ ಪಾವತಿಸತಕ್ಕದ್ದು, ಪಾವತಿಸದವರ ಪ್ರಬಂಧವನ್ನು ವಿಶ್ವವಿದ್ಯಾಲಯಕ್ಕೆ ಕಳಿಸಲಾಗುವುದಿಲ್ಲ.

ಹೊಸ ಶುಲ್ಕ ಎಂದರೆ ಅದೂ ತರಬೇತಿ ಸೇವೆಯ ಬೆಲೆಯೇ, ಅದರ ಮೇಲೂ ಹತ್ತು ಪರ್ಸೆಂಟ್ ಹಾಕಬೇಕಾಗುತ್ತದೆ ಎಂದು ನೆನಪಿಸಿದೆ. ತೆರಿಗೆ ತುಂಬಲು ಎತ್ತುವ ಹಣದ ಮೇಲೆ ಮತ್ತೆ ತೆರಿಗೆ. ನಿರ್ದೇಶಕರು, “ಇನ್‌ವಾಯ್ಸ್ ಬೇಡ. ಲೆಟರ್ ಸಾಕು” ಎಂದರು. ನನ್ನ ಟಿಪ್ಪಣಿಯನ್ನು ಮಡಚಿ ಡ್ರಾಯರಿಗೆ ಹಾಕಿದರು.

ಪತ್ರ ಹೋದ ಮರುದಿನ ಶನಿವಾರ. ಬಂಟ್ವಾಳದ ಆ ಸಿಸ್ಟರ್ ತರಗತಿಯ ನಡುವಿನ ಬಿಡುವಿನಲ್ಲಿ ಕಿಟಕಿಗೆ ಬಂದರು. ಪಾಳಿಯ ಬಿಳಿ ಬೂಟು ಕಾಲಲ್ಲೇ ಇತ್ತು. ಪತ್ರವನ್ನು ಬಿಡಿಸಿ ನನ್ನ ಮುಂದಿಟ್ಟರು.

“ಮೇಡಂ, ಇದು ಟ್ಯಾಕ್ಸೋ, ಫೀಸೋ?”

“ಪತ್ರದಾಗೆ ಬರೆದೈತಲ್ಲ ಸಿಸ್ಟರ್.”

“ಬರ್ದದ್ದು ಓದಿದೆ. ಟ್ಯಾಕ್ಸ್ ಅಂತ ಉಂಟು, ಆದ್ರೆ ಟ್ಯಾಕ್ಸ್ ನಂಬರ್ ಇಲ್ಲ. ಹೋದ ಸಲ ಎಂಬತ್ತು ತಗೊಂಡಾಗ ನೀವೇ ನಂಬರ್ ಹಾಕಿ ಕೊಟ್ಟಿದ್ರಿ. ನಮ್ಮವರ ಅಂಗಡಿಯಲ್ಲಿ ನೂರು ಫಿಲ್ಸಿನ ನೀರಿನ ಬಾಟ್ಲಿಗೆ ಸಹ ನಂಬರ್ ಇರ್ತದೆ. ಎಂಟುನೂರು ದಿನಾರಿಗೆ ಇಲ್ವಾ?”

ನನಗೆ ಗೊತ್ತಿಲ್ಲ, ನಿರ್ದೇಶಕರನ್ನೇ ಕೇಳಿ ಎಂದೆ. ಆಕೆ ನನ್ನ ಮುಖ ನೋಡಿದರು. ಹನ್ನೆರಡು ವರ್ಷ ರೋಗಿಗಳ ಮುಖ ನೋಡಿದವರಿಗೆ ಯಾರಿಗೆ ಗೊತ್ತಿದೆ, ಯಾರಿಗೆ ಗೊತ್ತಿಲ್ಲ ಎಂದು ತಿಳಿಯದೆ ಇರುತ್ತದೆಯೇ? ಪತ್ರವನ್ನು ನಿಧಾನಕ್ಕೆ ಮಡಚಿಕೊಂಡರು.

“ಒಂದು ಚೀಟಿ ಉಂಟು, ಅದನ್ನು ಈ ತಿಂಗಳೇ ಎತ್ತಿ ಕಟ್ತೇನೆ. ಬಿಡ್ಲಿಕ್ಕೆ ಆಗುದಿಲ್ಲ. ಇಷ್ಟು ಮಾಡಿದ್ದೇನೆ” ಎಂದು ತರಗತಿಗೆ ಹೋದರು.

ಎರಡು ದಿನ ನಾನು ಬಾಕಿ ರಿಟರ್ನ್‌ಗಳನ್ನು ತಿದ್ದುತ್ತ ಕುಳಿತೆ. ಒಂದೊಂದು ತ್ರೈಮಾಸಿಕವನ್ನೂ ತೆರೆದು, ಸೊನ್ನೆ ದರದ ಕಾಲಂನಿಂದ ಮೊತ್ತ ತೆಗೆದು ಹತ್ತರ ಕಾಲಂಗೆ ಹಾಕುವುದು, ಕಾರಣ ಬರೆಯುವುದು, ಉಳಿಸುವುದು. ‘ಸಂಸ್ಥೆಯು ತಿಳಿಯದೆ ಮಾಡಿದ ತಪ್ಪು’ ಎಂದು ಪ್ರತಿಯೊಂದಕ್ಕೂ ಬರೆದೆ. ಅಲ್ಲಿ ನಾವು ತಪ್ಪೊಪ್ಪಿಕೊಂಡು ದಂಡ ಇಳಿಸಿಕೊಳ್ಳುತ್ತಿದ್ದೆವು. ಇಲ್ಲಿ ಆ ತಪ್ಪನ್ನು ಹನ್ನೊಂದು ಪಾಲು ಮಾಡಿ ಹಂಚಿದ್ದೆವು. ಎರಡನ್ನೂ ಮಾಡಿದ್ದು ನನ್ನ ಕೈ.

ಸೋಮವಾರ ಮಧ್ಯಾಹ್ನ ಮಗಳನ್ನು ಕರೆತರಲು ಈಸಾ ಟೌನ್‌ನ ಶಾಲೆಗೆ ಹೋಗಿದ್ದೆ. ಗೇಟಿನ ಮುಂದೆ ಕಾರುಗಳ ಸಾಲು. ನಡುವೆ ಶಾಲೆಯ ಬಸ್ಸುಗಳು ಸಿಕ್ಕಿಕೊಂಡು ಯಾರೂ ಕದಲುವಂತಿರಲಿಲ್ಲ. ಅಲ್ಲಿ ಕುಳಿತೇ ಸಿಸ್ಟರ್‌ಗೆ ಫೋನ್ ಮಾಡಿದೆ. ಧೈರ್ಯ ಬಂತೆಂದು ಮಾಡಿದ್ದಲ್ಲ. ಆಕೆ ಚೀಟಿ ಎತ್ತುವ ದಿನ ಹತ್ತಿರ ಬಂದಿತ್ತು, ಇನ್ನೊಂದು ದಿನ ತಡೆದರೆ ಮಾಡಿಯೂ ಉಪಯೋಗವಿರಲಿಲ್ಲ.

“ಸಿಸ್ಟರ್, ಆ ಹಣ ಈಗ್ಲೇ ಕಟ್ಟಬ್ಯಾಡ್ರಿ. ಆ ಪತ್ರಕ್ಕೆ ಉತ್ತರ ಬರೆದು, ಟ್ಯಾಕ್ಸ್ ಇನ್‌ವಾಯ್ಸ್ ಕೊಡಿ ಅಂತ ಕೇಳ್ರಿ. ಬೇರೆ ಏನೂ ಬರೀಬ್ಯಾಡ್ರಿ.”

“ಕೇಳಿದ್ರೆ ಎಂತ ಆಗ್ತದೆ?”

“ಕೊಡಾಕೆ ಬರೋದಿಲ್ಲ. ಕೊಟ್ರೆ ಇದು ಯಾತರ ಹಣ ಅಂತ ಬರೀಬೇಕಾಗ್ತದೆ.”

ಫೋನಿನಲ್ಲಿ ಆಕೆಯ ಹಿಂದೆ ವಾರ್ಡಿನ ಯಂತ್ರವೊಂದು ಸದ್ದು ಮಾಡುತ್ತಿತ್ತು.

“ನಿಮಗೆ ತೊಂದರೆ ಆಗುದಿಲ್ವಾ ಮೇಡಂ?”

“ಅದನ್ನ ನಾನು ನೋಡ್ಕೊಂತೀನಿ” ಎಂದೆ. ನೋಡಿಕೊಳ್ಳುವ ದಾರಿ ಏನೂ ನನ್ನ ಬಳಿ ಇರಲಿಲ್ಲ.

ಒಬ್ಬರೇ ಕೇಳುತ್ತಾರೆ ಎಂದುಕೊಂಡಿದ್ದೆ. ಬುಧವಾರ ಬೆಳಿಗ್ಗೆ ಹನ್ನೊಂದು ಇಮೇಲ್ ಬಂದಿದ್ದವು, ಹನ್ನೊಂದರಲ್ಲೂ ಒಂದೇ ಸಾಲು. ಬಹರೈನಿ ಹುಡುಗಿ ಮಾತ್ರ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದಳು, ಭಾನುವಾರದೊಳಗೆ ಬರದಿದ್ದರೆ ಇಲಾಖೆಯನ್ನೇ ವಿಚಾರಿಸುತ್ತೇನೆ ಎಂದು.

ನಿರ್ದೇಶಕರು ನನ್ನನ್ನು ಕರೆದು ಬಾಗಿಲು ಹಾಕಿಸಿದರು.

“ನೀವು ಹೇಳಿದ್ರಾ?”

“ಹೌದು ಸರ್. ಇನ್‌ವಾಯ್ಸ್ ಕೇಳೋದು ಅವ್ರ ಹಕ್ಕು.”

ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ. ಅವರು ಬೈಯಲಿಲ್ಲ. ಕುರ್ಚಿಗೆ ಒರಗಿ ಎರಡೂ ಕೈಯಿಂದ ಮುಖ ಉಜ್ಜಿಕೊಂಡರು.

“ಆ ಹುಡುಗೀರನ್ನ ಹೇಗಾದ್ರೂ ದಡ ಸೇರಿಸೋಣ ಅಂತ ಪಾರ್ಟ್ನರ್ಸ್ ಹತ್ರ ಈ ಒಂದು ದಾರಿ ಒಪ್ಪಿಸಿದ್ದೆ. ಇದಿಲ್ಲ ಅಂದ್ರೆ ಅವರು ಏನು ಮಾಡ್ತಾರೆ ಗೊತ್ತಾ ನಿಮಗೆ?”

ಗೊತ್ತಿರಲಿಲ್ಲ. ಅದು ಬೆದರಿಕೆಯೋ ನಿಜವೋ ಎಂದು ಆಗ ನನಗೆ ತಿಳಿಯಲೂ ಇಲ್ಲ.

ಗುರುವಾರ ಪತ್ರ ಹಿಂತೆಗೆದುಕೊಂಡರು. ಪ್ರಬಂಧ ನೋಂದಣಿ ಶುಲ್ಕ ಇಲ್ಲ, ಯಾರೂ ಏನೂ ಕಟ್ಟಬೇಕಿಲ್ಲ. ಸಿಸ್ಟರ್ ನನಗೆ ಫೋನ್ ಮಾಡಿ ನಗುತ್ತಿದ್ದರು. ಅವರ ನಗು ನಾನು ಕೇಳಿದ್ದು ಅದೇ ಮೊದಲು. ಮರುದಿನ ತರಗತಿಗೆ ಬರುವಾಗ ಒಂದು ಡಬ್ಬಿ ಮೀನಿನ ಉಪ್ಪಿನಕಾಯಿ ತಂದರು. ನಾವು ಲಿಂಗಾಯತರು, ಮೀನು ತಿನ್ನುವುದಿಲ್ಲ ಎಂದು ಹೇಳದೆ ತೆಗೆದುಕೊಂಡೆ.

ಹನ್ನೆರಡು ದಿನ ಕಳೆದು ಪಾಲುದಾರರ ಸಭೆ ನಡೆಯಿತು. ಬಾಕಿ ತೆರಿಗೆಯನ್ನು ಸಂಸ್ಥೆಯೇ ಕಟ್ಟುತ್ತದೆ, ನಷ್ಟದ ಈ ಕೋರ್ಸನ್ನು ಮೂರನೆಯ ಸೆಮಿಸ್ಟರಿಗೇ ಮುಚ್ಚುತ್ತದೆ. ಇದು ಅವರ ತೀರ್ಮಾನ. ವಿದ್ಯಾರ್ಥಿಗಳು ಬೇಕಿದ್ದರೆ ಹೊರದೇಶದ ವಿಶ್ವವಿದ್ಯಾಲಯಕ್ಕೆ ನೇರವಾಗಿ ಸೇರಿ ಆನ್‌ಲೈನ್‌ನಲ್ಲಿ ಪ್ರಬಂಧ ಮುಗಿಸಬಹುದು. ನಾನು ಒಪ್ಪಂದ ಪತ್ರವನ್ನು ಮತ್ತೆ ಓದಿದೆ. ‘ಕಾರ್ಯಸಾಧ್ಯವಲ್ಲದಿದ್ದರೆ ಕೋರ್ಸನ್ನು ನಿಲ್ಲಿಸುವ ಹಕ್ಕು ಸಂಸ್ಥೆಗೆ ಇರುತ್ತದೆ’ ಎಂಬ ಸಾಲು ಅಲ್ಲಿತ್ತು. ಹಿಂದೆ ಎಷ್ಟು ಸಲ ಓದಿದ್ದರೂ ತೆರಿಗೆಯ ಮಾತು ಹುಡುಕುತ್ತಿದ್ದ ನನ್ನ ಕಣ್ಣು ಅದರ ಮೇಲೆ ನಿಂತಿರಲಿಲ್ಲ.

ವಿಶ್ವವಿದ್ಯಾಲಯಕ್ಕೆ ನಾನೇ ಬರೆದು ವಿಚಾರಿಸಿದೆ. ನೇರವಾಗಿ ಸೇರುವ ಹೊರದೇಶದ ವಿದ್ಯಾರ್ಥಿಗೆ ಆ ಒಂದು ಸೆಮಿಸ್ಟರಿನ ಶುಲ್ಕ ನಮ್ಮ ನಾಲ್ಕು ಸೆಮಿಸ್ಟರಿನ ಶುಲ್ಕಕ್ಕಿಂತಲೂ ಹೆಚ್ಚಿತ್ತು. ರಿಯಾಯಿತಿ ಕೇಳಿ ಎರಡು ಸಲ ಬರೆದೆ. ಎರಡನೆಯದಕ್ಕೆ ಉತ್ತರ ಬರಲಿಲ್ಲ. ಪರವಾನಗಿ ಇರುವ ಇಲ್ಲಿನ ಒಂದು ವಿಶ್ವವಿದ್ಯಾಲಯದಲ್ಲೂ ಕೇಳಿದೆ. ಮೊದಲ ವರ್ಷದಿಂದಲೇ ಶುರು ಮಾಡಬೇಕು, ತರಗತಿ ಹಗಲು, ಶುಲ್ಕಕ್ಕೆ ತೆರಿಗೆ ಇಲ್ಲ ಎಂದು ಅಲ್ಲಿನ ಗುಮಾಸ್ತೆ ವಿನಯದಿಂದ ಹೇಳಿದಳು.

ಹನ್ನೊಂದರಲ್ಲಿ ಇಬ್ಬರು ನೇರವಾಗಿ ಸೇರಿದರು. ಬಹರೈನಿ ಹುಡುಗಿಗೆ ತಂದೆ ಕಟ್ಟಿದರು, ಕೇರಳದ ಒಬ್ಬರು ಬ್ಯಾಂಕಿನಲ್ಲಿ ಸಾಲ ತೆಗೆದರು. ಒಂಬತ್ತು ಜನ ಬಿಟ್ಟರು.

ಜುಲೈನಲ್ಲಿ ತಿದ್ದಿದ ರಿಟರ್ನ್‌ಗಳನ್ನು ಇಲಾಖೆ ಒಪ್ಪಿಕೊಂಡಿತು. ದಂಡ ನಾವು ಅಂದಾಜು ಮಾಡಿದ್ದಕ್ಕಿಂತ ಕಡಿಮೆ ಬಂತು. ನನ್ನ ವೀಸಾ ನವೀಕರಣವಾಯಿತು. ಅರ್ಜಿಗೆ ಸಹಿ ಹಾಕುವಾಗ ನಿರ್ದೇಶಕರು ತಲೆ ಎತ್ತದೆ, “ಅಕೌಂಟೆಂಟ್ ಆಗಿ ನೀವು ಮಾಡಿದ್ದು ಕರೆಕ್ಟೇ” ಎಂದರು. ನನ್ನನ್ನು ಕೆಲಸದಿಂದ ತೆಗೆದುಹಾಕಿದ್ದರೆ ಒಂದು ರೀತಿಯ ಸಮಾಧಾನವಾದರೂ ಇರುತ್ತಿತ್ತು. ಅದೂ ಸಿಗಲಿಲ್ಲ.

ಆಗಸ್ಟ್‌ನಲ್ಲಿ ಸಿಸ್ಟರ್ ಒಂದು ಮಧ್ಯಾಹ್ನ ಬಂದರು. ಮುಗಿಸಿದ ವಿಷಯಗಳ ಪಟ್ಟಿ ಬೇಕಿತ್ತು, ಮುಂದೆ ಎಲ್ಲಾದರೂ ಉಪಯೋಗಕ್ಕೆ ಬಂದರೆ ಎಂದು. ಹೊರಗಿನ ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಪಟ್ಟಿಯನ್ನು ಮುದ್ರಿಸಿ, ಸೀಲು ಹಾಕಿ ಕೊಟ್ಟೆ. ಕುಳಿತುಕೊಳ್ಳಿ ಎಂದೆ, ಕುಳಿತರು. ಆ ಪುಸ್ತಕದಲ್ಲಿ ಎಷ್ಟು ರೋಗಿಗಳಾಗಿದ್ದರು ಎಂದು ಕೇಳಿದೆ.

“ನಲ್ವತ್ತಾರು” ಎಂದರು. “ವಾರ್ಡಲ್ಲಿ ಹೊಸ ಇನ್‌ಚಾರ್ಜ್ ಬಂದ್ರು. ಅವ್ರಿಗೆ ಕೊಟ್ಟೆ, ನೋಡ್ಲಿಕ್ಕೆ.”

ಏನಾದರೂ ಹೇಳಬೇಕಿತ್ತು. ಹೀಗಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಸಿಸ್ಟರ್ ಎಂದೆ.

“ಗೊತ್ತುಂಟು ಮೇಡಂ. ನೀವು ಒಳ್ಳೇದಕ್ಕೇ ಹೇಳಿದ್ದು.” ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಜಿಪ್ ಎಳೆದರು. “ಆದ್ರೆ ನೀವು ಹೇಳದೆ ಇದ್ದಿದ್ರೆ ನಾನು ಚೀಟಿ ಎತ್ತಿ ಕಟ್ತಿದ್ದೆ. ಕಟ್ಟಿ ಮುಗಿಸ್ತಿದ್ದೆ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ವಾರ್ಡಿನಲ್ಲಿ ರೋಗಿಯ ಮನೆಯವರಿಗೆ ವರದಿ ಹೇಳುವಾಗಲೂ ಅವರು ಹೀಗೇ ಹೇಳುತ್ತಿದ್ದರೇನೋ. ನಾನು ಮೇಜಿನ ಮೇಲಿನ ಸೀಲನ್ನು ಡಬ್ಬಿಗೆ ಹಾಕಿದೆ.

ಬಾಗಿಲ ತನಕ ಹೋದವರು ನಿಂತು ತಿರುಗಿದರು.

“ಮೂರನೇ ಸೆಮಿಸ್ಟರಿಗೆ ಎಂಬತ್ತು ದಿನಾರ್ ಟ್ಯಾಕ್ಸ್ ಕಟ್ಟಿದ್ದೆನಲ್ಲ. ಕೋರ್ಸೇ ಇಲ್ಲ ಅಂದ್ಮೇಲೆ ಅದಾದ್ರೂ ವಾಪಸ್ ಸಿಗ್ತದಾ?”

“ಇಲ್ಲ ಸಿಸ್ಟರ್” ಎಂದೆ. “ಅದು ಸರ್ಕಾರಕ್ಕೆ ಹೋಗೈತಿ. ಪಾಠ ಆಗೈತಲ್ಲ.”